ಗೆಳೆಯನಿಂದ ಚೀಟಿ ಬರೆಸಿಕೊಳ್ಳಬಹುದೇ?

ಬಾಲ್ಯದ ಗೆಳೆಯನಿಗೆ ಎರಡು ಲಕ್ಷ ಸಾಲ ಕೊಡುವಾಗ ಬರೆಸಿಕೊಂಡರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ದಯವಿಟ್ಟು ಬರೆಸಿಕೊಳ್ಳಿ.

ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಇಲ್ಲಿನ ತೋಟಗಾರರು 1923ರಲ್ಲೇ ಒಟ್ಟುಗೂಡಿ ಮಾರಾಟ ಸಂಘ ಕಟ್ಟಿಕೊಂಡವರು. ಅಡಿಕೆ ಒಯ್ದಾಗ ತೂಗುವವನು ನನ್ನ ಶಾಲೆಯ ಜೊತೆಗಾರನೇ ಆದರೂ ತೂಕದ ಚೀಟಿ ಇಲ್ಲದೆ ನಾನು ಹೊರಡುವುದಿಲ್ಲ, ಅವನೂ ಕಳಿಸುವುದಿಲ್ಲ. ಅದಕ್ಕಾಗಿ ಅವನು ಒಮ್ಮೆಯೂ ಮುಖ ಸಣ್ಣದು ಮಾಡಿಕೊಂಡಿಲ್ಲ.

ನಮ್ಮ ಅಪ್ಪ ನೆಂಟರೊಬ್ಬರಿಗೆ ಬರೀ ಬಾಯಿಮಾತಿನ ಮೇಲೆ ಹಣ ಕೊಟ್ಟಿದ್ದರು. ಅವರು ಮೋಸಗಾರರಲ್ಲ, ಇಂದಿಗೂ ಹಾಗೆ ಹೇಳಲಾರೆ. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಇಬ್ಬರ ನೆನಪಿನಲ್ಲೂ ಬೇರೆ ಬೇರೆಯಾಗಿತ್ತು. ಮಾತು ನಿಂತಿತು. ಪ್ರತಿ ಚೌತಿಗೂ ಅವರ ಮನೆಯಿಂದ ಬರುತ್ತಿದ್ದ ಚಕ್ಕುಲಿ ಡಬ್ಬಿ ಆ ವರ್ಷ ಬರಲಿಲ್ಲ. ಸಂಜೆಯವರೆಗೂ ಅಪ್ಪ ಜಗುಲಿಯಲ್ಲಿ ದಾರಿ ನೋಡುತ್ತಾ ಕುಳಿತಿದ್ದರು. ಹಣ ಹೋದದ್ದಕ್ಕಿಂತ ಅದು ಅವರನ್ನು ಹೆಚ್ಚು ಹಣ್ಣು ಮಾಡಿತು.

ಚೀಟಿಯಲ್ಲಿ ಮೊತ್ತ, ತಾರೀಕು, ಮರಳಿಸುವ ಗಡುವು ಸ್ಪಷ್ಟವಾಗಿರಲಿ. ಹಣ ಬ್ಯಾಂಕ್ ಖಾತೆಯ ಮೂಲಕವೇ ಹೋಗಲಿ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷ ಮಾತ್ರ ಅವಕಾಶ. ಅಷ್ಟರೊಳಗೆ ಅವರು ಸಾಲವನ್ನು ಮತ್ತೆ ಬರೆದು ಒಪ್ಪಿ ಸಹಿ ಹಾಕಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ಈ ಮಾತನ್ನು ಫೋನಿನಲ್ಲಿ ಎತ್ತಬೇಡಿ. ಅವರ ಮನೆಗೇ ಹೋಗಿ, ಎದುರು ಕುಳಿತು ಹೇಳಿ.