ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ ಪೂರ್ತಿ ಜರ್ಮನ್ ಸೇನಾಡಳಿತದಲ್ಲಿದ್ದಾಗ ಜರ್ಮನಿಗೆ ತಾಗಿದ ಯೂಪೆನ್-ಮಲ್ಮೆಡಿ ಗಡಿಪ್ರದೇಶ ಮಾತ್ರ ಯಾಕೆ ಹೊರಗಿತ್ತು?
ಏಕೆಂದರೆ ಜರ್ಮನಿಯ ಲೆಕ್ಕದಲ್ಲಿ ಅದು ಗೆದ್ದ ನೆಲವಲ್ಲ, ಮರಳಿ ಬಂದ ಸ್ವಂತ ನೆಲ. 1815ರಿಂದ ಜರ್ಮನ್ ರಾಜ್ಯವಾದ ಪ್ರಷ್ಯಾದಲ್ಲಿದ್ದ ಈ ಪ್ರದೇಶವನ್ನು ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಬೆಲ್ಜಿಯಂಗೆ ಕೊಟ್ಟಿತ್ತು. 1940ರ ಮೇ 10ರಂದು ದಾಳಿ ಶುರುವಾಯಿತು. ಬೆಲ್ಜಿಯಂ ಸೇನೆ ಇನ್ನೂ ಕಾದಾಡುತ್ತಿರುವಾಗಲೇ, ಮೇ 18ರಂದು, ಹಿಟ್ಲರ್ ಆಜ್ಞೆ ಹೊರಡಿಸಿ ಇದನ್ನು ಜರ್ಮನಿಗೆ ಸೇರಿಸಿಕೊಂಡ. ಹಾಗಾಗಿ ಬ್ರಸೆಲ್ಸ್‌ನ ಸೇನಾಡಳಿತದ ಬದಲು ಗಡಿಯಾಚೆಯ ಜರ್ಮನ್ ನಗರ ಆಖೆನ್‌ನ ಮಾಮೂಲಿ ಜಿಲ್ಲಾ ಕಚೇರಿಗಳ ಕೈಗೆ ಆಡಳಿತ ಹೋಯಿತು. ‘ಮರಳಿ ಬಂದದ್ದು’ ಎಂಬ ವಾದವೂ ಪೂರ್ತಿ ನಿಜವಲ್ಲ: ಹಿಂದೆ ಜರ್ಮನಿಯದಾಗಿರದ ಕೆಲವು ಬೆಲ್ಜಿಯನ್ ಊರುಗಳನ್ನೂ ಜೊತೆಗೆ ಎಳೆದುಕೊಂಡರು. ಜನರಿಗೆ ಇದರ ನಿಜವಾದ ಬಿಸಿ ತಟ್ಟಿದ್ದು ಪೌರತ್ವ ಬದಲಾದಾಗ. ಊರಿನ ಹುಡುಗರು ಜರ್ಮನ್ ಸೇನೆಗೆ ಕಡ್ಡಾಯವಾಗಿ ಸೇರಬೇಕಾಯಿತು.