ದುರ್ಬಲ ಹೃದಯಕ್ಕೆ ಗ್ಲೂಕೋಸ್ ಕೊಡಬೇಕೇ, ತುಪ್ಪ ಕೊಡಬೇಕೇ?

ಗ್ಲೂಕೋಸ್ ನೀರು ಕೊಡಬೇಡಿ. ತುಪ್ಪ ಹೆಚ್ಚಿಸಬೇಡಿ. ಅನ್ನ, ರೊಟ್ಟಿ ಬಿಟ್ಟು ಕೊಬ್ಬನ್ನೇ ಹೆಚ್ಚಾಗಿ ತಿನ್ನುವ ಕೀಟೋ ಆಹಾರದ ಯೋಚನೆಯನ್ನಂತೂ ಇವತ್ತೇ ಬಿಟ್ಟುಬಿಡಿ. ಶಹಾಪುರದಲ್ಲಿರುವ ನಿಮ್ಮ ತಾಯಿಯ ಹೃದಯದ ಪಂಪಿಂಗ್ ಶೇಕಡಾ 30ಕ್ಕೆ ಇಳಿದಿದೆ, ಹೃದಯಕ್ಕೆ ಶಕ್ತಿ ಸಾಲುತ್ತಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ, ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ನಮ್ಮ ಅಪ್ಪನ ಎಕೋ (ಹೃದಯದ ಸ್ಕ್ಯಾನ್) ವರದಿ ಕೈಗೆ ಬಂದ ದಿನ ನನಗೂ ಇದೇ ಮಾತು ಹೇಳಿದ್ದರು. ನಾನು ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ ಹೋಗಿ ಗ್ಲೂಕೋಸ್ ಪುಡಿಯ ದೊಡ್ಡ ಡಬ್ಬಿ ತಂದೆ.

ಅಪ್ಪ ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಚೀಲ ತೂಗುತ್ತಾ ಆಯುಷ್ಯ ಕಳೆದವರು. ಹೃದಯಾಘಾತವಾದ ಮೇಲೆ ಅಂಗಳದಿಂದ ಒಳಗೆ ಬರುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತಿದ್ದರು. ಅದು ಬೇಸಿಗೆ, ಬಿಸಿಲು 42 ಡಿಗ್ರಿ ದಾಟಿತ್ತು. ಬೆಳಿಗ್ಗೆ ಎದ್ದ ಕೂಡಲೇ ತಂಬಿಗೆ ತುಂಬ ಗ್ಲೂಕೋಸ್ ನೀರು ಕಲಸಿ, ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಅವರ ಮಂಚದ ಪಕ್ಕ ಇಡುತ್ತಿದ್ದೆ. ಮಧ್ಯಾಹ್ನಕ್ಕೆ ಇನ್ನೊಂದು ತಂಬಿಗೆ, ಊಟದ ಜೊತೆ ಉಪ್ಪು ಹಾಕಿದ ಮಜ್ಜಿಗೆ. ಅಪ್ಪ ಬೇಡವೆಂದರೂ ಬಿಡುತ್ತಿರಲಿಲ್ಲ.

ಈಗ ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ನಾನು ಪುಡಿಯ ಚಮಚಗಳನ್ನು ಎಣಿಸಿದೆ, ನೀರನ್ನು ಎಣಿಸಲಿಲ್ಲ. ಡಾಕ್ಟರ್ ಚೀಟಿಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು ಎಂದು ಬರೆದಿತ್ತು. ಅದು ಕುಡಿಯುವ ನೀರಿಗೆ ಮಾತ್ರ, ಗ್ಲೂಕೋಸ್ ನೀರು ಔಷಧಿಯ ಲೆಕ್ಕ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಹಾಲು, ಚಹಾ, ಮಜ್ಜಿಗೆ, ಸಾರು ಎಲ್ಲವೂ ಆ ಒಂದೂವರೆ ಲೀಟರಿನೊಳಗೇ ಬರಬೇಕು ಎಂಬುದು ಹೊಳೆಯಲೇ ಇಲ್ಲ. ಪಂಪು ದುರ್ಬಲವಾದಾಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ನಾನು ಕೊಟ್ಟಿದ್ದೆಲ್ಲ ಮೈಯಲ್ಲೇ ನಿಂತಿತು. ಅಪ್ಪನ ತೂಕ ಏರಿತು, ಕೆನ್ನೆ ತುಂಬಿಕೊಂಡಿತು. ಗ್ಲೂಕೋಸ್ ಮೈಗೆ ಹತ್ತುತ್ತಿದೆ ಎಂದು ನಾನು ಖುಷಿಪಟ್ಟೆ, ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಉಡಿದಾರ ಬಿಗಿಯಾಗಿ ಸೊಂಟದಲ್ಲಿ ಕೆಂಪು ಗೆರೆ ಕೊರೆದಿತ್ತು. ಅದನ್ನು ಬಿಚ್ಚಿ ಸಡಿಲಾಗಿ ಕಟ್ಟಿದವನೂ ನಾನೇ. ಕಣಕಾಲಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದ್ದರೆ ಗುಳಿ ಬೀಳುತ್ತಿತ್ತು, ಸಂಗತಿ ತಿಳಿಯುತ್ತಿತ್ತು. ಒತ್ತಿ ನೋಡಲಿಲ್ಲ.

ಒಂದು ರಾತ್ರಿ ಅವರಿಗೆ ಮಲಗಲಾಗಲಿಲ್ಲ. ಮಲಗಿದರೆ ದಮ್ಮು, ಎದ್ದು ಕೂತರೆ ಸ್ವಲ್ಪ ವಾಸಿ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐಸಿಯುನಲ್ಲಿ ಆಮ್ಲಜನಕ ಕೊಟ್ಟು, ನೀರಿಳಿಸುವ ಇಂಜೆಕ್ಷನ್ ಹಾಕಿದರು. ಬದುಕಿಕೊಂಡರು, ಆದರೆ ಮೂತ್ರಪಿಂಡಕ್ಕೂ ಪೆಟ್ಟಾಯಿತು. ಮತ್ತೆ ಗಂಜ್‌ಗೆ ಹೋಗುವ ಶಕ್ತಿ ಅವರಿಗೆ ಬರಲೇ ಇಲ್ಲ.

ಶಕ್ತಿಯ ವಿಷಯವನ್ನು ನನಗೆ ಬಿಡಿಸಿ ಹೇಳಿದ್ದು ಐಸಿಯುನಲ್ಲಿದ್ದ ಒಬ್ಬ ಯುವ ವೈದ್ಯೆ. ಆಮೇಲೆ ನಾನೂ ಓದಿಕೊಂಡೆ. ಜೀವಕೋಶಗಳು ಖರ್ಚು ಮಾಡುವ ಶಕ್ತಿಗೆ ಎಟಿಪಿ ಎಂದು ಹೆಸರು. ಸುಮಾರು 300 ಗ್ರಾಂ ತೂಗುವ ಹೃದಯ ದಿನಕ್ಕೆ ಸುಮಾರು 6 ಕಿಲೋ ಎಟಿಪಿಯನ್ನು ತಯಾರಿಸಿ ಖರ್ಚು ಮಾಡುತ್ತದೆ. ಅದರ ದಾಸ್ತಾನು ಮಾತ್ರ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು. ಆರೋಗ್ಯವಂತ ಹೃದಯ ಈ ಶಕ್ತಿಯ ಶೇಕಡಾ 60ರಿಂದ 70ರಷ್ಟನ್ನು ಪಡೆಯುವುದು ಕೊಬ್ಬಿನಾಮ್ಲಗಳಿಂದ, ಅಂದರೆ ಕೊಬ್ಬು ಒಡೆದಾಗ ಸಿಗುವ ಅಂಶಗಳಿಂದ. ಗ್ಲೂಕೋಸ್, ಅದು ಅರ್ಧ ಒಡೆದಾಗ ಸಿಗುವ ಲ್ಯಾಕ್ಟೇಟ್, ಯಕೃತ್ತು ಕೊಬ್ಬಿನಿಂದ ತಯಾರಿಸುವ ಕೀಟೋನ್‌ಗಳದ್ದು ಉಳಿದ ಪಾಲು. ಇವನ್ನು ಉರಿಸುವ ಜಾಗ ಜೀವಕೋಶದೊಳಗಿನ ಮೈಟೊಕಾಂಡ್ರಿಯ.

ಹೃದಯ ವೈಫಲ್ಯದಲ್ಲಿ, ಅಂದರೆ ಹೀಗೆ ಪಂಪು ದುರ್ಬಲವಾದಾಗ, ಕೆಡುವುದು ಈ ಮೈಟೊಕಾಂಡ್ರಿಯ. ಅಂದರೆ ಸೌದೆಗೆ ಬರವಿಲ್ಲ, ಒಲೆಯೇ ಕೆಟ್ಟಿದೆ. ಕಾಯಿಲೆ ಮುಂದುವರಿದಾಗ ಹೃದಯದ ಎಟಿಪಿ ಸುಮಾರು ಶೇಕಡಾ 30ರಷ್ಟು ಕುಸಿಯುತ್ತದೆ. ಕೊಬ್ಬನ್ನು ಉರಿಸುವ ಸಾಮರ್ಥ್ಯ ಕುಗ್ಗುತ್ತದೆ. ಹಲವು ರೋಗಿಗಳ ರಕ್ತದಲ್ಲಿ ಕೊಬ್ಬಿನಾಮ್ಲ ಮೊದಲೇ ಹೆಚ್ಚಿರುತ್ತದೆ, ಹಾಗಾಗಿ ನಿಮ್ಮ ತುಪ್ಪ ಅಲ್ಲಿ ಏನನ್ನೂ ತುಂಬಿಕೊಡುವುದಿಲ್ಲ. ಹೃದಯ ಗ್ಲೂಕೋಸ್ ಕಡೆಗೆ ವಾಲುತ್ತದೆ ನಿಜ, ಆದರೆ ಅದನ್ನು ಅರ್ಧಂಬರ್ಧ ಒಡೆಯುತ್ತದೆಯೇ ಹೊರತು ಮೈಟೊಕಾಂಡ್ರಿಯದಲ್ಲಿ ಪೂರ್ತಿ ಉರಿಸಲಾರದು. ಜೊತೆಗೆ ಇನ್ಸುಲಿನ್ ಮಾತನ್ನೂ ಅದು ಸರಿಯಾಗಿ ಕೇಳುವುದಿಲ್ಲ. ತಂಬಿಗೆಗಟ್ಟಲೆ ಗ್ಲೂಕೋಸ್ ಸುರಿದರೆ ಸಕ್ಕರೆ ಏರುತ್ತದೆ, ಹೃದಯಕ್ಕೆ ಬಲ ಬರುವುದಿಲ್ಲ. ಸಕ್ಕರೆ ಕಾಯಿಲೆಯ ಔಷಧಿಯಿಂದ ಸಕ್ಕರೆ ಪೂರ್ತಿ ಇಳಿದು ಬೆವರಿ ನಡುಗುವವರಿಗೆ ಗ್ಲೂಕೋಸ್ ಕೊಡಲೇಬೇಕು. ಅದು ಬೇರೆ ಸಂದರ್ಭ.

ಕೀಟೋ ಬಗ್ಗೆ ನೀವು ಓದಿದ್ದರಲ್ಲಿ ಒಂದು ಎಳೆ ಸತ್ಯವಿದೆ. ದುರ್ಬಲ ಹೃದಯ ಕೀಟೋನ್‌ಗಳನ್ನು ಹೆಚ್ಚು ಬಳಸುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಆದರೆ ಅದನ್ನು ಅಡುಗೆಮನೆಯ ಚಿಕಿತ್ಸೆ ಮಾಡಿಕೊಳ್ಳಬೇಡಿ. ನಿಮ್ಮ ತಾಯಿಯ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ (ಮೂಲತಃ ಸಕ್ಕರೆ ಕಾಯಿಲೆಯ ಮಾತ್ರೆಗಳು) ಇದ್ದರೆ, ಅದರ ಮೇಲೆ ಕೀಟೋ ಆಹಾರವೂ ಸೇರಿದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಮಾತ್ರೆ ಮಾತ್ರ ಒಳ್ಳೆಯದೇ. ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಡಾಪಾಗ್ಲಿಫ್ಲೋಜಿನ್‌ನಿಂದ ಲಾಭವಿದೆ ಎಂದು 2019ರ ದೊಡ್ಡ ಪ್ರಯೋಗವೊಂದರಲ್ಲಿ ಸಾಬೀತಾಗಿದೆ.

ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಇಂಧನ ಕೊಡಲಿ ಎಂದು ಕೇಳಬೇಡಿ, ಹೃದಯದ ಖರ್ಚು ಹೇಗೆ ಇಳಿಸಲಿ ಎಂದು ಕೇಳಿ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್, ಬಿಸೊಪ್ರೊಲಾಲ್‌ನಂಥ ಮಾತ್ರೆಗಳು ಮಾಡುವುದು ಈ ಕೆಲಸವನ್ನೇ. ನಾಡಿ 90ರಿಂದ 65ಕ್ಕೆ ಇಳಿದರೆ ದಿನಕ್ಕೆ 36,000 ಬಡಿತ ಉಳಿಯುತ್ತದೆ. ಹೃದಯವನ್ನು ಇನ್ನಷ್ಟು ಜೋರಾಗಿ ದುಡಿಸುವ ಮಿಲ್ರಿನೋನ್ ಮಾತ್ರೆಯನ್ನೂ ಒಂದು ಕಾಲಕ್ಕೆ ಪ್ರಯೋಗಿಸಿ ನೋಡಿದ್ದರು. 1991ರ ಫಲಿತಾಂಶದಲ್ಲಿ ಅದನ್ನು ನುಂಗಿದವರಲ್ಲೇ ಹೆಚ್ಚು ಜನ ತೀರಿಕೊಂಡಿದ್ದರು. ನಾಡಿ ನಿಧಾನವಾಯಿತು, ಅಮ್ಮ ಸೊರಗುತ್ತಿದ್ದಾರೆ ಎಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ತಲೆಸುತ್ತು ಬಂದರೆ ಡಾಕ್ಟರಿಗೆ ಹೇಳಿ, ಪ್ರಮಾಣ ಅವರು ಹೊಂದಿಸುತ್ತಾರೆ.

ಜೋಳದ ರೊಟ್ಟಿ, ಪಲ್ಯ, ಬೇಳೆ ಎಂದಿನಂತೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ತಟ್ಟೆಯಿಂದ ದೂರವಿರಲಿ. ನಮ್ಮ ಕಡೆ ಇವುಗಳಿಂದಲೂ ಬಹಳಷ್ಟು ಉಪ್ಪು ಒಳಗೆ ಹೋಗುತ್ತದೆ. ದಿನವಿಡೀ ಕುಡಿಯಲು ಡಾಕ್ಟರ್ ಎಷ್ಟು ಹೇಳಿದ್ದಾರೋ ಅಷ್ಟನ್ನೇ ಬೆಳಿಗ್ಗೆ ಒಂದು ಬಾಟಲಿಗೆ ಅಳೆದಿಡಿ. ಚಹಾ ಕೊಟ್ಟರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ನೀರು, ಅಂದೇ ಡಾಕ್ಟರಿಗೆ ಫೋನ್ ಮಾಡಿ. ಮಲಗಿದಾಗ ದಮ್ಮು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಕಲಬುರಗಿಗೇ ಕರೆದೊಯ್ಯೋಣ ಎಂದು ಗಾಡಿ ಹುಡುಕುತ್ತಲೂ ಕೂರಬೇಡಿ. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಲಿ.