ಡಿ ಅಂಡ್ ಡಿ ನಾಲ್ಕನೇ ಎಡಿಷನ್‌ನಿಂದ ಏನಾದರೂ ಉಳಿದಿದೆಯಾ?

ನೀವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ, ಅಂದರೆ ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ಪಾತ್ರಗಳಾಗಿ ಕತೆ ಆಡುವ ಆಟದ, ಐದನೇ ಎಡಿಷನ್ ಆಡುತ್ತಿದ್ದೀರಿ. ನಾಲ್ಕನೆಯದರ ಹೆಸರೆತ್ತಿದರೆ ಸಾಕು, ಹಳಬರು ಮೂಗು ಮುರಿಯುತ್ತಾರೆ. ಅದು ಬರೀ ದಂಡವೋ, ಏನಾದರೂ ಉಳಿದಿದೆಯೋ ಅಂತ ಕೇಳಿದ್ದೀರಿ. ಉಳಿದಿದೆ, ಚೆನ್ನಾಗಿಯೇ ಉಳಿದಿದೆ. ನಿಮಗೆ ಗೊತ್ತಿಲ್ಲದೆ ವಾರ ವಾರ ಅದನ್ನೇ ಸ್ವಲ್ಪ ಆಡುತ್ತಿದ್ದೀರಿ.

ನಿಮ್ಮ ಮಂತ್ರಗಾರ, ಅಂದರೆ ವಿಝರ್ಡ್, ಫೈರ್ ಬೋಲ್ಟ್ ಎಂಬ ಬೆಂಕಿ ಮಂತ್ರವನ್ನು ಎಷ್ಟು ಸಲ ಬೇಕಾದರೂ ಎಸೆಯುತ್ತಾನೆ, ಅಲ್ವಾ? 2000ದಲ್ಲಿ ಬಂದ ಮೂರನೇ ಎಡಿಷನ್‌ನಲ್ಲಿ ಆ ಭಾಗ್ಯ ಇರಲಿಲ್ಲ. ಮೊದಲ ಲೆವೆಲ್‌ನ ವಿಝರ್ಡ್, ಬೆಳಿಗ್ಗೆ ಸಿದ್ಧ ಮಾಡಿಕೊಂಡ ನಾಲ್ಕಾರು ಮಂತ್ರ ಮುಗಿದ ಮೇಲೆ ಕ್ರಾಸ್‌ಬೋ ಹಿಡಿದು ಮೂಲೆ ಸೇರಬೇಕಿತ್ತು. 2008ರ ನಾಲ್ಕನೇ ಎಡಿಷನ್ ಎಲ್ಲರಿಗೂ ಮೂರು ಬಗೆಯ ಪವರ್ ಕೊಟ್ಟಿತು: ಯಾವಾಗ ಬೇಕಾದರೂ ಬಳಸುವುದು, ಹೊಡೆದಾಟಕ್ಕೆ ಒಂದೇ ಸಲ, ದಿನಕ್ಕೆ ಒಂದೇ ಸಲ. ನೀವು ಶಾರ್ಟ್ ರೆಸ್ಟ್ ಎಂಬ ಚಿಕ್ಕ ವಿರಾಮದಲ್ಲಿ ಹಿಟ್ ಡೈಸ್ ಎಂಬ ದಾಳ ಉರುಳಿಸಿ ಚೇತರಿಸಿಕೊಳ್ಳುತ್ತೀರಲ್ಲ, ಅದರ ಅಣ್ಣ ಹೀಲಿಂಗ್ ಸರ್ಜ್. ಒಂದು ಸರ್ಜ್ ಖರ್ಚು ಮಾಡಿದರೆ ಒಟ್ಟು ಹಿಟ್ ಪಾಯಿಂಟ್‌ನ, ಅಂದರೆ ಪಾತ್ರದ ಜೀವದ ಲೆಕ್ಕದ, ಕಾಲು ಭಾಗ ವಾಪಸ್. ಗಾಯ ವಾಸಿ ಮಾಡುವ ಕ್ಲೆರಿಕ್‌ನ ಮುಖ ನೋಡುತ್ತಾ ಕೂರುವ ಕಷ್ಟ ಕಡಿಮೆಯಾಗಿದ್ದೇ ಅದರಿಂದ. ಡ್ರ್ಯಾಗನ್‌ಬಾರ್ನ್, ಟೀಫ್ಲಿಂಗ್ ಎಂಬ ಕುಲಗಳು, ವಾರ್‌ಲಾಕ್ ಎಂಬ ಮಂತ್ರಗಾರ ಆಟಗಾರರ ಮೊದಲ ಪುಸ್ತಕದಲ್ಲೇ ಜಾಗ ಪಡೆದದ್ದೂ ಆಗಲೇ.

ಮತ್ತೆ ಬೈಗುಳ ಯಾಕೆ? ಅರ್ಧ ತಪ್ಪು ಆಟದ್ದಲ್ಲ, ಅದು ಕಾಣಿಸಿಕೊಂಡ ರೀತಿಯದು. ಪುಸ್ತಕ ತೆರೆದರೆ ಪವರ್‌ಗಳ ಸಾಲು ಸಾಲು ಬಣ್ಣದ ಪಟ್ಟಿಗಳು, ಹಸಿರು, ಕೆಂಪು, ಕಪ್ಪು. ಹೋಟೆಲಿನ ರೇಟ್ ಕಾರ್ಡ್ ಥರ. ಕತ್ತಿ ಬೀಸುವವನಿಗೂ ಮಂತ್ರ ಹಾಕುವವನಿಗೂ ಒಂದೇ ಅಚ್ಚು. ದೂರವನ್ನು ಅಡಿಯಲ್ಲಿ ಹೇಳದೆ ಮೇಜಿನ ಮೇಲಿನ ನಕ್ಷೆಯ ಚೌಕದಲ್ಲಿ ಹೇಳಿದರು. ಇದು ಕಂಪ್ಯೂಟರ್ ಗೇಮ್ ಅಂತ ಜನ ರೇಗಿದರು. ಇನ್ನರ್ಧ ನಿಜವಾದ ತಪ್ಪೇ. ರಾಕ್ಷಸರಿಗೆ ಹಿಟ್ ಪಾಯಿಂಟ್ ಜಾಸ್ತಿ, ಏಟು ಮಾತ್ರ ಮೆತ್ತಗೆ, ಹಾಗಾಗಿ ಹೊಡೆದಾಟ ಮುಗಿಯುತ್ತಲೇ ಇರಲಿಲ್ಲ. ಆ ಲೆಕ್ಕ ಸರಿಹೋಗಲು 2010ರಲ್ಲಿ ರಾಕ್ಷಸರ ಪುಸ್ತಕ ಮಾನ್‌ಸ್ಟರ್ ಮ್ಯಾನ್ಯುಯಲ್‌ನ ಮೂರನೇ ಸಂಪುಟ ಬರಬೇಕಾಯಿತು. ಅಷ್ಟರಲ್ಲಿ ಮೂರನೆಯದರ ನಿಯಮಗಳನ್ನೇ ಮುಂದುವರಿಸಿದ ಪಾತ್‌ಫೈಂಡರ್ ಎಂಬ ಆಟ 2009ರಲ್ಲಿ ಬಂದಾಗಿತ್ತು. ಮುನಿಸಿಕೊಂಡವರು ಅಲ್ಲಿಗೆ ಹೋದರು.

ನಾನು ನಮ್ಮ ಮನೆಯಲ್ಲಿ ಡಿಎಂ, ಅಂದರೆ ಕತೆ ನಡೆಸಿ ಆಟ ಆಡಿಸುವವನು. ಆಡಿಸುವುದು ಐದನೆಯದೇ, ಆದರೆ ನಾಲ್ಕನೆಯದರಿಂದ ಕದ್ದ ಎರಡು ವಿಷಯ ಬಿಟ್ಟಿಲ್ಲ. ಒಂದು, ಮಿನಿಯನ್. ಒಂದೇ ಹಿಟ್ ಪಾಯಿಂಟ್‌ನ ಪುಡಿ ಶತ್ರುಗಳು: ತಾಗಿತೋ, ಸತ್ತ. ನಮ್ಮಲ್ಲಿ ವೀರರೆಂದರೆ ಕೇರಂ ಕಾಯಿ, ಮಿನಿಯನ್ ಎಂದರೆ ಹುಣಸೆ ಬೀಜ. ಹದಿನೈದು ಬೀಜ ಚೌಕಗಳ ಮೇಲೆ ಸುರಿದರೆ ಎಲ್ಲರೂ ಮುಂದಕ್ಕೆ ಬಾಗುತ್ತಾರೆ. ಲೆಕ್ಕ ಬರೆಯುವ ಕೆಲಸವಿಲ್ಲ, ಸತ್ತ ಬೀಜ ಡಬ್ಬಿಗೆ ವಾಪಸ್. ನನ್ನ ತಂಗಿ ಅದನ್ನು ಅಕ್ಕಿ ಆರಿಸಿದ ಹಾಗೆ ಒಂದೊಂದೇ ಎತ್ತುತ್ತಾಳೆ.

ಇನ್ನೊಂದು, ಬ್ಲಡೀಡ್. ಹಿಟ್ ಪಾಯಿಂಟ್ ಅರ್ಧಕ್ಕೆ ಇಳಿದ ಗಳಿಗೆಗೆ ಕೊಟ್ಟ ಹೆಸರು ಅದು. ನಾಲ್ಕನೇ ಎಡಿಷನ್‌ನ ಡ್ರ್ಯಾಗನ್ ಆ ಗಳಿಗೆಯಲ್ಲಿ ಸರದಿಗೆ ಕಾಯದೆ ಇನ್ನೊಮ್ಮೆ ಬೆಂಕಿ ಉಗುಳುತ್ತದೆ. ಮೊದಲ ಸಲ ಹೀಗೆ ಮಾಡಿದಾಗ ನಮ್ಮ ಹುಡುಗರು ಸುತ್ತ ಗುಂಪು ಕಟ್ಟಿ, ಇನ್ನೇನು ಗೆದ್ದೆವು ಅಂತ ಚುರುಮುರಿಗೆ ಕೈ ಹಾಕಿದ್ದರು. ಅರ್ಧ ಅಂದೆ. ಉಗುಳಿತು ಅಂದೆ. ಕೈ ಹಾಗೇ ನಿಂತವು. 2024ರ ಹೊಸ ನಿಯಮ ಪುಸ್ತಕದಲ್ಲಿ ಬ್ಲಡೀಡ್ ಎಂಬ ಪದ ಮರಳಿ ಬಂದಿದೆ, ನೋಡಿದ್ದೀರಾ?

ಕತ್ತಿ ಹಿಡಿದು ಹೋರಾಡುವ ಪಾತ್ರ ಫೈಟರ್ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಅವನಿಗೆ ನಾಲ್ಕನೆಯದರಷ್ಟು ಒಳ್ಳೆಯ ಕಾಲ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಏಟು ಹಾಕಿದ ಶತ್ರುವಿಗೆ ಗುರುತು ಹಾಕುತ್ತಿದ್ದ. ಅವನನ್ನು ಬಿಟ್ಟು ಗೆಳೆಯನ ಮೇಲೆ ಬಿದ್ದರೆ ಆ ಶತ್ರುವಿನ ದಾಳಿಯ ದಾಳಕ್ಕೆ ಮೈನಸ್ 2, ಫೈಟರ್‌ನ ಪಕ್ಕದಲ್ಲೇ ಇದ್ದರೆ ಮೇಲೊಂದು ಏಟು. ಕಾವಲು ಕಾಯುವುದು ಅಂದರೆ ಏನು ಅಂತ ಆಗ ಗೊತ್ತಾಗುತ್ತಿತ್ತು. ಐದನೆಯದು ಇದನ್ನು ಯಾಕೆ ಮೂಲೆಗೆ ತಳ್ಳಿತೋ.

ಇನ್ನು ಬೇರೆ ಆಟಗಳು. ನಾಲ್ಕನೆಯದರ ಮುಖ್ಯ ವಿನ್ಯಾಸಕ ರಾಬ್ ಹೈನ್ಸೂ, ಮೂರನೆಯದರ ಜೋನಥನ್ ಟ್ವೀಟ್ ಜೊತೆ ಸೇರಿ 2013ರಲ್ಲಿ ಥರ್ಟೀನ್ತ್ ಏಜ್ ತಂದರು. ಎಳೆದಾಡುವ ಹೊಡೆದಾಟಕ್ಕೆ ಅಲ್ಲಿ ಒಂದು ಮುದ್ದಾದ ಮದ್ದು ಇದೆ. ಎರಡನೇ ರೌಂಡ್‌ನಲ್ಲಿ ಮೇಜಿನ ಮಧ್ಯೆ ಒಂದು ದಾಳ ಇಡುತ್ತೀರಿ, 1 ತೋರಿಸಿ. ಪ್ರತಿ ರೌಂಡ್‌ಗೂ ಅದು ಒಂದೊಂದು ಏರಿ 6ರವರೆಗೆ ಹೋಗುತ್ತದೆ. ಅದು ತೋರಿಸಿದಷ್ಟೂ, ಏಟು ತಾಗಿತೋ ಎಂದು ಆಟಗಾರರು ಉರುಳಿಸುವ ದಾಳದ ಎಣಿಕೆಗೆ ಸೇರುತ್ತದೆ. ಯಂತ್ರಮಾನವರ ಕಾಳಗದ ಲ್ಯಾನ್ಸರ್‌ನಲ್ಲೂ ಇದೇ ರಕ್ತ ಹರಿಯುತ್ತಿದೆ.

ಹಳೇ ಪುಸ್ತಕ ದುಬಾರಿ ಬೆಲೆ ಕೊಟ್ಟು ತರಿಸಬೇಡಿ. ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಗಾಬ್ಲಿನ್ ಎಂಬ ಕುಳ್ಳ ಶತ್ರುವಿಗೆ ಹತ್ತಿರದಿಂದ ಬೀಸಿದ ಏಟು ತಪ್ಪಿದರೆ, ಅದು ಒಂದು ಚೌಕ ಪಕ್ಕಕ್ಕೆ ಜಾರಲಿ. ನಾಲ್ಕನೆಯದರಲ್ಲಿ ಎಲ್ಲ ಗಾಬ್ಲಿನ್‌ಗಳೂ ಹೀಗೇ. ನಮ್ಮ ಮನೆಯಲ್ಲಿ ಒಂದೇ ಗಾಬ್ಲಿನ್ ಮೂರನೇ ಸಲ ಜಾರಿಕೊಂಡಾಗ ತಮ್ಮ ತನ್ನ ದಾಳವನ್ನೇ ಎತ್ತಿ ಸೋಫಾದ ಹಿಂದಕ್ಕೆ ಎಸೆದ. ಇನ್ನೂ ಸಿಕ್ಕಿಲ್ಲ.